ಎಲೆಯಾಟದ ನಿಯಮಗಳ ಚರಿತ್ರೆ: ಮೈಸೂರಿನ ಛದಗಳಿಂದ ನಮ್ಮ ಮಕ್ಕಳ ಕಾರ್ಡುಗಳವರೆಗೆ

ದುಬೈ ಹಾಗೂ ಅಬುಧಾಬಿಯ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳ ಶಾಲಾಚೀಲಗಳಲ್ಲಿ ಪುಸ್ತಕಗಳ ನಡುವೆ ಬಣ್ಣಬಣ್ಣದ ಕಾರ್ಡುಗಳ ಕಟ್ಟೊಂದು ಇರುವುದು ಈಗ ಸಾಮಾನ್ಯ. ಅಂತರಿಕ್ಷ ನೌಕೆಗಳು, ಯಂತ್ರಮಾನವರು, ಅನ್ಯಗ್ರಹದ ಸೇನೆಗಳು ಆ ಕಾರ್ಡುಗಳ ವಸ್ತು. 2012ರಲ್ಲಿ ದುಬೈಯಲ್ಲಿ ಆರಂಭಗೊಂಡು 2022ರಿಂದ ಅಬುಧಾಬಿಯಲ್ಲಿ ನಡೆಯುತ್ತಿರುವ ಮಿಡಲ್ ಈಸ್ಟ್ ಫಿಲ್ಮ್ ಆಂಡ್ ಕಾಮಿಕ್ ಕಾನ್ ಎಂಬ ಉತ್ಸವಕ್ಕೆ ಮಕ್ಕಳೊಡನೆ ಹೋಗಿಬಂದ ಪಾಲಕರಿಗೆ ಈ ಲೋಕದ ವಿಸ್ತಾರದ ಅರಿವಿದೆ. ಹಿರಿಯರಾದ ನಮ್ಮ ಕಣ್ಣಿಗೆ ಬೀಳುವುದು ಮುಖ್ಯವಾಗಿ ಎರಡು ಸಂಗತಿಗಳು: ಒಂದು ಖರ್ಚು, ಇನ್ನೊಂದು ಜಗಳ. ಖರ್ಚಿನ ಮಾತು ಬದಿಗಿರಲಿ. ಜಗಳವನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ ಅದು ಸೋಲು ಗೆಲುವಿನ ಜಗಳವಲ್ಲವೆಂದು ತಿಳಿಯುತ್ತದೆ. ಎರಡು ಕಾರ್ಡುಗಳು ಪರಸ್ಪರ ವಿರುದ್ಧವಾದ ಮಾತನ್ನು ಹೇಳಿದಾಗ ಯಾವುದು ನಡೆಯಬೇಕು, ಒಂದೇ ಕ್ಷಣದಲ್ಲಿ ಎರಡು ಪರಿಣಾಮಗಳು ಸಂಭವಿಸಿದರೆ ಯಾವುದು ಮೊದಲು ಎಂಬ ವಿಚಾರವಾಗಿ ಹತ್ತು ವರ್ಷದ ಮಕ್ಕಳು ನ್ಯಾಯವಾದಿಗಳಂತೆ ವಾದಿಸುತ್ತಿರುತ್ತಾರೆ.

ಇದು ಹೊಸ ಕಾಲದ ಹುಚ್ಚು ಎಂದು ತಳ್ಳಿಹಾಕುವ ಮುನ್ನ ನಮ್ಮದೇ ನಾಡಿನ ಒಂದು ಚರಿತ್ರೆಯನ್ನು ನೆನೆಯುವುದು ಉಚಿತ. ಎಲೆಯಾಟದ ನಿಯಮಗಳನ್ನು ಇಷ್ಟೇ ಜಟಿಲವಾಗಿ, ಇದಕ್ಕಿಂತಲೂ ವೈಭವದಿಂದ ಕಲ್ಪಿಸಿದ ಅರಸರೊಬ್ಬರು ಮೈಸೂರಿನಲ್ಲಿದ್ದರು. ಅವರ ಎಲೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಹೊಳೆಯುತ್ತಿವೆ. ಅವರ ಆಟಗಳಾದರೋ ಮನೆಗಳಲ್ಲಿ ಉಳಿಯಲಿಲ್ಲ. ಹೀಗೇಕಾಯಿತು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದೇ ಈ ಲೇಖನದ ವಿಷಯ.

ಎಲೆ, ಛದ, ವರಕ್

ಮೊದಲು ಹೆಸರುಗಳನ್ನು ನೋಡೋಣ. ಇಸ್ಪೀಟಿನ ಒಂದೊಂದು ತುಂಡನ್ನು ಕನ್ನಡಿಗರು ‘ಎಲೆ’ ಎನ್ನುತ್ತಾರೆ. ಮೈಸೂರು ಅರಮನೆಯ ಆಟಗಳಿಗೆ ‘ಛದ’ ಎಂಬ ಹೆಸರಿತ್ತು. ಸಂಸ್ಕೃತದಲ್ಲಿ ಅದಕ್ಕೂ ಎಲೆ ಎಂದೇ ಅರ್ಥ. ನಾವು ಬದುಕುತ್ತಿರುವ ಈ ಅರಬ್ ನೆಲದಲ್ಲಿ ಆಟದ ಕಾರ್ಡುಗಳಿಗೆ ‘ವರಕ್’ ಎನ್ನುತ್ತಾರೆ. ಅದೂ ಎಲೆಯೇ, ಕಾಗದವೇ. ಮೂರು ಭಾಷೆಗಳು ಒಂದೇ ಹೋಲಿಕೆಯನ್ನು ಹಿಡಿದುಕೊಂಡಿವೆ.

ನಂಟು ಹೆಸರಿನಲ್ಲಿಯೇ ಮುಗಿಯುವುದಿಲ್ಲ. 1931ರಲ್ಲಿ ಎಲ್. ಎ. ಮೇಯರ್ ಎಂಬ ವಿದ್ವಾಂಸರು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಈಜಿಪ್ಟಿನ ಮಾಮ್ಲೂಕರ ಕಾಲದ ಕೈಬರಹದ ಎಲೆಗಳ ಒಂದು ಕಟ್ಟನ್ನು ಗುರುತಿಸಿದರು. ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಕೋಲು ಎಂಬ ನಾಲ್ಕು ಪಂಗಡಗಳು. ಒಟ್ಟು 52 ಎಲೆಗಳಿರಬೇಕಾದಲ್ಲಿ 47 ಉಳಿದುಕೊಂಡಿದ್ದವು. ಪ್ರತಿ ಪಂಗಡಕ್ಕೂ ಒಬ್ಬ ಮಲಿಕ್, ಎಂದರೆ ಅರಸ. ಅವನ ಕೆಳಗೆ ಒಬ್ಬ ನಾಯಬ್, ಅವನ ಕೆಳಗೆ ಎರಡನೆಯ ನಾಯಬ್. ನಾಯಬ್ ಎಂದರೆ ಪ್ರತಿನಿಧಿ. ಇಲ್ಲಿನ ಅರಬ್ಬಿ ಪತ್ರಿಕೆಗಳಲ್ಲಿ ಉಪರಾಷ್ಟ್ರಪತಿಯನ್ನು ‘ನಾಯಬ್ ರಈಸ್’ ಎಂದು ಬರೆಯುವುದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ನಮ್ಮ ‘ನವಾಬ’ ಕೂಡ ಈ ಮಾತಿನ ಬಳ್ಳಿಯದೇ. 1377ರಲ್ಲಿ ಇಟಲಿಯ ಫ್ಲಾರೆನ್ಸ್ ನಗರವು ‘ನಾಯಿಬ್ಬೆ’ ಎಂಬ ಹೊಸ ಆಟವೊಂದನ್ನು ನಿಷೇಧಿಸಿತು. ಸ್ಪೇನಿನವರು ಇಂದಿಗೂ ಇಸ್ಪೀಟಿಗೆ ‘ನಾಯ್ಪೆಸ್’ ಎನ್ನುತ್ತಾರೆ. ಅರಬ್ಬರ ಪ್ರತಿನಿಧಿಯು ಹೀಗೆ ಯೂರೋಪಿನ ಎಲೆಯಾಟಕ್ಕೇ ಹೆಸರಾದನು.

ಆ ಮಾಮ್ಲೂಕ್ ಎಲೆಗಳಲ್ಲೊಂದರ ಮೇಲೆ ‘ಕಂಜಿಫಾ’ ಎಂಬ ಮಾತೂ ಬರೆದಿದೆ. ಪೂರ್ವದ ಕಡೆಗೆ ಹೊರಟ ಹೆಸರು ಇದೇ. ಪರ್ಷಿಯಾದಲ್ಲಿ ಗಂಜೀಫಾ ಎನಿಸಿಕೊಂಡು ಭಾರತಕ್ಕೆ ಬಂದಿತು. ಕುವೈತಿನ ಆಡುಮಾತಿನಲ್ಲಿ ಇದರ ರೂಪವೊಂದು ಇಂದಿಗೂ ಇಸ್ಪೀಟಿಗೆ ಬಳಕೆಯಲ್ಲಿದೆ. ಬಾಬರನು 1527ರಲ್ಲಿ ಸಿಂಧದ ಶಾ ಹಸನನಿಗೆ, ಅವನು ಕೇಳಿಕೊಂಡಿದ್ದರಿಂದ, ಗಂಜೀಫಾ ಕಳುಹಿಸಿದನೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವನ ಮೊಮ್ಮಗ ಅಕ್ಬರನ ಕಾಲದಲ್ಲಿ ಅಬುಲ್ ಫಜಲನು ಐನ್-ಎ-ಅಕ್ಬರಿಯಲ್ಲಿ 12 ಪಂಗಡಗಳ, 144 ಎಲೆಗಳ ಆಟವೊಂದನ್ನು ವಿವರಿಸಿದನು. ಅದರಲ್ಲಿ ಅಶ್ವಪತಿ, ಗಜಪತಿ, ನರಪತಿ ಮೊದಲಾದ ಅರಸರಿದ್ದಾರೆ. ಕಾಲಾಳುಗಳ ಬಲವುಳ್ಳ ನರಪತಿಗೆ ಅವನು ಕೊಟ್ಟ ಉದಾಹರಣೆ ನಮ್ಮ ವಿಜಾಪುರದ ಅರಸ! ಎಲೆಯಾಟದ ಚರಿತ್ರೆಯಲ್ಲಿ ಕನ್ನಡನಾಡು ಇಷ್ಟು ಹಿಂದೆಯೇ ಪ್ರವೇಶ ಪಡೆದಿತ್ತು.

ತಲೆಕೆಳಗಾದ ಎಣಿಕೆ

ಗಂಜೀಫಾದ ನಿಯಮಗಳಲ್ಲಿ ಹೊಸಬರನ್ನು ಅತ್ಯಂತ ಗೊಂದಲಕ್ಕೆ ಈಡುಮಾಡುವುದು ಎಲೆಗಳ ಬಲಾಬಲ. ಇದನ್ನು ಇಲ್ಲಿ ಸ್ಪಷ್ಟಪಡಿಸುವುದು ಅಗತ್ಯ.

ಮೊಗಲ್ ಪದ್ಧತಿಯ ಸಾಮಾನ್ಯ ಗಂಜೀಫಾದಲ್ಲಿ 8 ಪಂಗಡಗಳು, ಪಂಗಡಕ್ಕೆ 12ರಂತೆ 96 ಎಲೆಗಳು. ದಶಾವತಾರ ಗಂಜೀಫಾದಲ್ಲಿ ವಿಷ್ಣುವಿನ ಹತ್ತು ಅವತಾರಗಳೇ ಪಂಗಡಗಳಾಗಿ 120 ಎಲೆಗಳು. ಪ್ರತಿ ಪಂಗಡದಲ್ಲಿ ರಾಜ, ಮಂತ್ರಿ, ಅನಂತರ 1ರಿಂದ 10ರವರೆಗಿನ ಅಂಕಿಯ ಎಲೆಗಳು. ರಾಜನೇ ಶ್ರೇಷ್ಠ, ಮಂತ್ರಿ ಎರಡನೆಯವನು. ಇಲ್ಲಿಯವರೆಗೆ ತೊಡಕಿಲ್ಲ. ತೊಡಕಿರುವುದು ಅಂಕಿಗಳಲ್ಲಿ. ಅರ್ಧ ಪಂಗಡಗಳಲ್ಲಿ ಮಂತ್ರಿಯ ಬಳಿಕ 10, 9, 8 ಎಂದು ಇಳಿಯುತ್ತ 1 ಅತ್ಯಂತ ದುರ್ಬಲವಾಗುತ್ತದೆ. ಉಳಿದ ಅರ್ಧದಲ್ಲಿ ಕ್ರಮ ತಲೆಕೆಳಗು: ಮಂತ್ರಿಯ ಬಳಿಕ 1 ಬಲಿಷ್ಠ, ಅನಂತರ 2, 3, ಕೊನೆಯ ಸ್ಥಾನ 10ಕ್ಕೆ. ಮೊಗಲ್ ಪದ್ಧತಿಯಲ್ಲಿ ಕಿರೀಟ, ಬೆಳ್ಳಿ ನಾಣ್ಯ, ಕತ್ತಿ ಮತ್ತು ಗುಲಾಮ ಎಂಬ ನಾಲ್ಕು ಪಂಗಡಗಳು ಮೊದಲ ಬಗೆಯವು; ಅವುಗಳಿಗೆ ‘ಬೇಶ್‌ಬರ್’ ಎಂದು ಹೆಸರು. ವೀಣೆಯಂಥ ಚಂಗ್ ವಾದ್ಯ, ಚಿನ್ನದ ನಾಣ್ಯ, ಹುಂಡಿಪತ್ರ ಮತ್ತು ಸರಕು ಎಂಬ ನಾಲ್ಕು ಎರಡನೆಯ ಬಗೆಯವು, ಅವು ‘ಕಮ್‌ಬರ್’.

ಆಟದಲ್ಲಿ ಇದರ ಪರಿಣಾಮವೇನು? ಈ ಆಟಕ್ಕೆ ತುರುಪು ಇಲ್ಲ. ಸಾಮಾನ್ಯವಾಗಿ ಮೂವರು ಆಡುತ್ತಾರೆ. 96 ಎಲೆಗಳಾದರೆ ಒಬ್ಬೊಬ್ಬರಿಗೆ 32, 120 ಆದರೆ 40. ಒಂದು ಪಂಗಡದಲ್ಲಿ ಇನ್ನೂ ಬೀಳದೆ ಉಳಿದಿರುವ ಎಲೆಗಳಲ್ಲಿ ಯಾವುದು ಶ್ರೇಷ್ಠವೋ ಅದು ‘ಹುಕುಂ’. ಕತ್ತಿಯ ಪಂಗಡದಲ್ಲಿ ರಾಜ, ಮಂತ್ರಿ, 10 ಬಿದ್ದುಹೋಗಿದ್ದರೆ 9 ಹುಕುಂ ಆಗುತ್ತದೆ. ಸರಕಿನ ಪಂಗಡದಲ್ಲಿ ರಾಜ, ಮಂತ್ರಿ, 1 ಬಿದ್ದಿದ್ದರೆ ಹುಕುಂ ಆಗುವುದು 2. ಕೈಯಲ್ಲಿ ಎರಡು ‘ಒಂಬತ್ತು’ಗಳಿದ್ದರೂ ಒಂದು ಗೆಲ್ಲುವ ಎಲೆ, ಇನ್ನೊಂದು ಬಹುತೇಕ ನಿರುಪಯೋಗಿ. ಎಂಟು ಪಂಗಡಗಳಲ್ಲಿ ಏನೇನು ಬಿದ್ದಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೇ ಆಟಗಾರನ ಸಾಮರ್ಥ್ಯ. ಕೈಯಲ್ಲಿ ಕಲಸಲು ಬಾರದ ಈ ದುಂಡನೆಯ ಎಲೆಗಳನ್ನು ಬಟ್ಟೆಯ ಮೇಲೆ ಕವುಚಿ ಹರಡಿ ಬೆರೆಸುತ್ತಿದ್ದರು.

ಆರಂಭಿಸುವವರು ಯಾರು ಎಂಬುದಕ್ಕೂ ಒಂದು ವಿಚಿತ್ರ ನಿಯಮವಿದೆ. ಹಗಲಿನಲ್ಲಾದರೆ ಚಿನ್ನದ ನಾಣ್ಯದ ರಾಜನುಳ್ಳವರು, ರಾತ್ರಿಯಾದರೆ ಬೆಳ್ಳಿ ನಾಣ್ಯದ ರಾಜನುಳ್ಳವರು. ಚಿನ್ನ ಸೂರ್ಯ, ಬೆಳ್ಳಿ ಚಂದ್ರ. ಸಾವಂತವಾಡಿಯ ಕಡೆಯ ದಶಾವತಾರ ಆಟದಲ್ಲಿ ಹಗಲಿಗೆ ರಾಮ, ಇರುಳಿಗೆ ಕೃಷ್ಣ ಎಂಬ ರೂಢಿ. ಮುಸ್ಸಂಜೆಯಲ್ಲಿ ಆಟಕ್ಕೆ ಕುಳಿತರೆ ಯಾರು ಮೊದಲು ಎಂದು ಯಾವ ಮಗುವಾದರೂ ಕೇಳಿಯೇ ಕೇಳುತ್ತದೆ. ಅಂಥ ಪ್ರಶ್ನೆಗೆ ಎಲೆಯ ಚಿತ್ರ ಉತ್ತರ ಕೊಡಲಾರದು. ಜೊತೆಯಲ್ಲಿ ಆಡುತ್ತ ಬಂದ ಹಿರಿಯರೊಬ್ಬರು ಕೊಡಬೇಕು.

ತಲೆಕೆಳಗಿನ ಎಣಿಕೆ ಭಾರತದ್ದು ಮಾತ್ರವಲ್ಲ ಎಂಬುದು ಸ್ವಾರಸ್ಯದ ಸಂಗತಿ. ಇಟಲಿಯ ಹಳೆಯ ಟಾರೋ ಆಟದಲ್ಲಿ ಕತ್ತಿ ಮತ್ತು ಕೋಲಿನ ಪಂಗಡಗಳಿಗೆ 10 ಬಲಿಷ್ಠ, ಬಟ್ಟಲು ಮತ್ತು ನಾಣ್ಯದ ಪಂಗಡಗಳಿಗೆ 1 ಬಲಿಷ್ಠ. ಚೀನಾದ ಮಿಂಗ್ ಕಾಲದ ಮಾದಿಯಾವ್ ಆಟದಲ್ಲಿಯೂ ಬಿಡಿನಾಣ್ಯಗಳ ಪಂಗಡದ ಕ್ರಮ ತಿರುಗುಮುರುಗು. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೇಲ್ ಡಮ್ಮೆಟ್ಟರು 1980ರಲ್ಲಿ ಪ್ರಕಟಿಸಿದ ಟಾರೋ ಕುರಿತ ಬೃಹದ್ಗ್ರಂಥದಲ್ಲಿ ಎಲೆಗಳ ಚಿತ್ರಗಳಷ್ಟೇ ಆಟದ ನಿಯಮಗಳನ್ನೂ ಚರಿತ್ರೆಯ ಸಾಕ್ಷಿಯಾಗಿ ಪರಿಗಣಿಸಿದರು. ಚಿತ್ರ ನಾಡಿನಿಂದ ನಾಡಿಗೆ ಬದಲಾಗುತ್ತದೆ. ವಿಚಿತ್ರವಾದ ನಿಯಮವೊಂದು ಸಾವಿರಾರು ಮೈಲಿ ಹಾಗೆಯೇ ಪಯಣಿಸುತ್ತದೆ.

ಮುಮ್ಮಡಿಯವರ ಛದಗಳು

ಇನ್ನು ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಜನಿಸಿದರು. 1799ರಲ್ಲಿ, ಟಿಪ್ಪುವಿನ ಪತನಾನಂತರ, ಐದನೆಯ ವಯಸ್ಸಿನಲ್ಲಿ ಪಟ್ಟಾಭಿಷಿಕ್ತರಾದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು ಕಮಿಷನರುಗಳನ್ನು ನೇಮಿಸಿದರು. 1868ರಲ್ಲಿ ಕಾಲವಾಗುವವರೆಗೆ ಅರಸರ ಪಾಲಿಗೆ ಬಿರುದು ಉಳಿಯಿತು, ಆಡಳಿತ ಮರಳಿ ಬರಲಿಲ್ಲ. ಆ ದೀರ್ಘ ಅವಧಿಯಲ್ಲಿ ಅವರು ಸಾಹಿತ್ಯ, ಚಿತ್ರಕಲೆ, ಸಂಗೀತ ಹಾಗೂ ಆಟಗಳಿಗೆ ಮನಸ್ಸಿಟ್ಟರು. ಚದುರಂಗದ ಕುದುರೆಯು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಸಾಗುವ ನಡೆಯನ್ನು ಅವರು ಬಿಡಿಸಿದ ರೀತಿ ಇಂದಿಗೂ ಗಣಿತಾಸಕ್ತರ ಗಮನ ಸೆಳೆಯುತ್ತದೆ. 1861ರಲ್ಲಿ ನಿರ್ಮಾಣವಾದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಮಣೆಯಾಟಗಳ ಚಿತ್ರಗಳಿವೆ.

ಅವರ ಆಶ್ರಯದಲ್ಲಿ ಸಿದ್ಧವಾದ ಮಹಾಸಂಕಲನ ಶ್ರೀತತ್ತ್ವನಿಧಿ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಮೊದಲಾಗಿ ಒಂಬತ್ತು ನಿಧಿಗಳು, ಕೊನೆಯದು ಕೌತುಕನಿಧಿ. 122 ಯೋಗಾಸನಗಳ ಚಿತ್ರಗಳಿಂದಾಗಿ ಈ ಭಾಗವು 1996ರಲ್ಲಿ ಎನ್. ಇ. ಶೋಮನ್ನರ ಪುಸ್ತಕದ ಮೂಲಕ ಯೋಗಾಭ್ಯಾಸಿಗಳ ಜಗತ್ತಿಗೆ ಪರಿಚಿತವಾಯಿತು. ಅರಸರ ಎಲೆಯಾಟಗಳ ವರ್ಣನೆಯೂ ಇದೇ ಕೌತುಕನಿಧಿಯಲ್ಲಿದೆ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ, ದಿಕ್ಪಾಲ ಛದ, ಮನೋರಂಜನಿ ಛದ, ನವರತ್ನ ಛದ ಎಂಬ ಹೆಸರುಗಳನ್ನು ಓದುವುದೇ ಒಂದು ಸಂತೋಷ.

ಸಾಮಾನ್ಯ ಗಂಜೀಫಾದಲ್ಲಿ ಪಂಗಡಕ್ಕೆ ಎರಡು ಅರಮನೆಯ ಎಲೆಗಳು ಮತ್ತು ಹತ್ತು ಅಂಕಿಗಳಿದ್ದರೆ, ಮೈಸೂರಿನ ಛದಗಳಲ್ಲಿ ಅಂಕಿಗಳು 12ರವರೆಗೆ ಬೆಳೆದವು, ರಾಜ ಮಂತ್ರಿಗಳ ಜೊತೆಗೆ ಇನ್ನಷ್ಟು ಅರಮನೆಯ ಎಲೆಗಳು ಸೇರಿದವು. ಪಂಗಡಗಳು 18ರವರೆಗೂ, ಎಲೆಗಳು 360ರವರೆಗೂ ಹೋದವು. ಎಂದಿಗೂ ಬದಲಾಗದ ತುರುಪಿನ ಎಲೆಗಳು, ಯಾವ ಸ್ಥಾನಕ್ಕಾದರೂ ಸಲ್ಲುವ ಜೋಕರಿನಂಥ ಎಲೆ ಇವೂ ಬಂದವು. ನಮ್ಮ ಮಕ್ಕಳು ವಿಶೇಷ ಶಕ್ತಿಯುಳ್ಳ ಕಾರ್ಡು ಎಂದು ಯಾವುದನ್ನು ಹೇಳುತ್ತಾರೋ ಅಂಥ ಕಲ್ಪನೆ ಹತ್ತೊಂಬತ್ತನೆಯ ಶತಮಾನದ ಮೈಸೂರಿಗೆ ಅಪರಿಚಿತವಾಗಿರಲಿಲ್ಲ.

ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್ನರು ಭಾರತದ ಎಲೆಗಳನ್ನು ಸಂಗ್ರಹಿಸಿ, 1973ರಲ್ಲಿ ಮೈಸೂರಿನ ಛದಗಳ ಬಗ್ಗೆ ಪ್ರತ್ಯೇಕ ಪುಸ್ತಕ ಬರೆದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಂಜೀಫಾ ಪ್ರದರ್ಶನ ನಡೆಯಿತು. ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಕಲೆಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಆಟಗಳನ್ನು ಜನರ ಮುಂದೆ ತಂದಿದೆ.

ಆದರೂ ಛದ ಅರಮನೆಯ ಆಚೆಗೆ ಮನೆಮಾತಾಗಲಿಲ್ಲ. ಇದಕ್ಕೆ ಕಾರಣವನ್ನು ಆಟದ ರಚನೆಯಲ್ಲಿಯೇ ಹುಡುಕಬಹುದೆಂದು ನಮಗೆ ತೋರುತ್ತದೆ. 360 ಎಲೆಗಳ ಕಟ್ಟನ್ನು ಬಡಗಿಯ ಮನೆಯಲ್ಲೋ ರೈತನ ಜಗಲಿಯಲ್ಲೋ ಇಟ್ಟುಕೊಳ್ಳುವಂತಿರಲಿಲ್ಲ. ಮೇಲಾಗಿ ಎಲೆಯು ದೇವತೆಯ ಬಣ್ಣ, ವಾಹನ, ಆಯುಧಗಳನ್ನು ತೋರಿಸುತ್ತಿತ್ತೇ ಹೊರತು ತನ್ನನ್ನು ಹೇಗೆ ಆಡಬೇಕೆಂಬುದನ್ನು ತೋರಿಸುತ್ತಿರಲಿಲ್ಲ. ನಿಯಮವಿದ್ದದ್ದು ಅರಮನೆಯ ಗ್ರಂಥದಲ್ಲಿ ಮತ್ತು ಆಡುವವರ ನೆನಪಿನಲ್ಲಿ. ಆಡುವವರ ಬಳಗ ಚಿಕ್ಕದಾಗಿದ್ದು, ಅದು ಚದುರಿದಾಗ ಸಂದೇಹ ಬಗೆಹರಿಸುವವರೂ ಇಲ್ಲದಾದರು.

ಜಗಲಿಯ ಇಪ್ಪತ್ತೆಂಟು

ಇದಕ್ಕೆ ಎದುರಾಗಿ, ಯಾವ ಅರಸನ ಆಶ್ರಯವೂ ಇಲ್ಲದೆ ಉಳಿದುಬಂದ ಆಟವೊಂದು ನಮ್ಮಲ್ಲಿದೆ. ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯ ಸದಸ್ಯರಿಗೆ ಇಪ್ಪತ್ತೆಂಟರ ಪರಿಚಯ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸಂಕ್ಷೇಪವಾಗಿ: 32 ಎಲೆಗಳ ಈ ಆಟದಲ್ಲಿ ಗುಲಾಮನೇ ಸರ್ವಶ್ರೇಷ್ಠ. ಅವನ ನಂತರ ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಪಂಗಡಕ್ಕೆ 7ರಂತೆ ನಾಲ್ಕು ಪಂಗಡಗಳಿಗೆ 28. ಹೆಸರು ಬಂದದ್ದು ಹಾಗೆ. ರಾಜನ ತಲೆಯ ಮೇಲೆ ಗುಲಾಮ ಕುಳಿತಿರುವ ಈ ವ್ಯವಸ್ಥೆ ಗಂಜೀಫಾದ ತಲೆಕೆಳಗಿನ ಎಣಿಕೆಗಿಂತ ಸರಳವೇನೂ ಅಲ್ಲ. ಆದರೂ ಶಾಲೆಗೆ ಹೋಗದ ಅಜ್ಜಂದಿರು ಅದನ್ನು ಸಲೀಸಾಗಿ ಆಡುತ್ತಿದ್ದರು.

ಇಲ್ಲಿಯೂ ತೊಡಕಿನ ನಿಯಮಗಳುಂಟು. ಸವಾಲು ಹಾಕಿದವನು ತುರುಪಿನ ಎಲೆಯನ್ನು ಕವುಚಿ ಇಡುತ್ತಾನೆ. ಇನ್ನೊಬ್ಬನ ಬಳಿ ಕೇಳಿದ ಪಂಗಡದ ಎಲೆ ಇಲ್ಲದಿದ್ದಾಗ ಅವನು ತುರುಪನ್ನು ತೆರೆಯಿಸಬಹುದು. ತೆರೆಯಿಸಿದವನು ಅದೇ ಸುತ್ತಿನಲ್ಲಿ ತುರುಪು ಹಾಕಲೇಬೇಕೇ? ತುರುಪಿನ ರಾಜ ರಾಣಿಯರ ಜೋಡಿಯನ್ನು ತೋರಿಸಿದರೆ ಸವಾಲಿನ ಮೊತ್ತ ಬದಲಾಗಬೇಕೇ? ಒಂದೊಂದು ಊರಿನಲ್ಲಿ ಒಂದೊಂದು ಉತ್ತರ. ವಿವಿಧ ಊರುಗಳವರು ಒಂದೇ ಕೋಣೆಯಲ್ಲಿ ಬಾಳುವ ಈ ದೇಶದಲ್ಲಿ ವಾರದ ರಜೆಯ ದಿನ ಆಟಕ್ಕೆ ಕುಳಿತರೆ ಮೊದಲ ಅರ್ಧ ಗಂಟೆ ‘ನಿಮ್ಮಲ್ಲಿ ಹೇಗೆ?’ ಎಂಬ ವಿಚಾರಣೆಗೇ ಸಲ್ಲುತ್ತದೆ. ಒಮ್ಮೆ ಒಪ್ಪಂದವಾದರೆ ಆಟ ನಡೆಯುತ್ತದೆ. ಇಪ್ಪತ್ತೆಂಟು ಬದುಕಿರುವುದು ಅದರ ನಿಯಮ ಸುಲಭವೆಂಬ ಕಾರಣಕ್ಕಲ್ಲ. ಅದನ್ನು ವಿವರಿಸುವವರು ಪ್ರತಿ ಜಗಲಿಯಲ್ಲೂ ಇದ್ದರು ಎಂಬ ಕಾರಣಕ್ಕೆ.

ಕಾರ್ಡಿನ ಮೇಲೇ ಬರೆದ ನಿಯಮ

ಈಗ ಮಕ್ಕಳ ಕಾರ್ಡುಗಳ ಕಡೆಗೆ ತಿರುಗೋಣ. ಇವುಗಳ ಮೂಲಕಲ್ಪನೆಗೆ ಒಂದು ಚರಿತ್ರೆಯಿದೆ. 1977ರಲ್ಲಿ ಅಮೆರಿಕದಲ್ಲಿ ಕಾಸ್ಮಿಕ್ ಎನ್‌ಕೌಂಟರ್ ಎಂಬ ವೈಜ್ಞಾನಿಕ ಕಲ್ಪನೆಯ ಮಣೆಯಾಟ ಪ್ರಕಟವಾಯಿತು. ಅದರಲ್ಲಿ ಪ್ರತಿ ಆಟಗಾರನೂ ಒಂದು ಅನ್ಯಗ್ರಹದ ಜನಾಂಗ. ಪ್ರತಿ ಜನಾಂಗಕ್ಕೂ ಆಟದ ಯಾವುದೋ ಒಂದು ನಿಯಮವನ್ನು ಮುರಿಯುವ ಅಧಿಕಾರ. ಇದರಿಂದ ಪ್ರೇರಣೆ ಪಡೆದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡರು 1993ರಲ್ಲಿ ಮ್ಯಾಜಿಕ್ ಎಂಬ ಆಟವನ್ನು ರಚಿಸಿದರು. ಎಲ್ಲರಿಗೂ ಒಂದೇ ಕಟ್ಟು ಎಂಬ ಹಳೆಯ ಪದ್ಧತಿ ಹೋಗಿ, ಆಟಗಾರರು ಕಾರ್ಡುಗಳನ್ನು ಸಂಗ್ರಹಿಸಿ ತಮ್ಮ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಳ್ಳುವ ಪದ್ಧತಿ ಬಂದಿತು. ಅಂತರಿಕ್ಷದ ಕಥೆಗಳನ್ನಾಧರಿಸಿದ ಸ್ಟಾರ್ ಟ್ರೆಕ್ 1994ರಲ್ಲಿ, ಸ್ಟಾರ್ ವಾರ್ಸ್ 1995ರಲ್ಲಿ ಬಂದವು. ಗಾರ್ಫೀಲ್ಡರೇ 1996ರಲ್ಲಿ ನೆಟ್‌ರನ್ನರ್ ಎಂಬುದನ್ನು ರಚಿಸಿದರು. ಭವಿಷ್ಯದ ಜಗತ್ತೊಂದರಲ್ಲಿ ಒಬ್ಬ ಆಟಗಾರ ಬಲಾಢ್ಯ ಕಾರ್ಪೊರೇಷನ್ನು, ಇನ್ನೊಬ್ಬ ಅದರ ಗಣಕಜಾಲವನ್ನು ಭೇದಿಸುವ ರನ್ನರ್.

ಛದಕ್ಕೂ ಇವುಗಳಿಗೂ ಇರುವ ಮುಖ್ಯ ಭೇದ ಇದು: ಇಲ್ಲಿ ನಿಯಮದ ಒಂದು ಭಾಗ ಕಾರ್ಡಿನ ಮೇಲೆಯೇ ಮುದ್ರಿತವಾಗಿರುತ್ತದೆ. ಕಾರ್ಡು ಹೋದಲ್ಲೆಲ್ಲ ಅದರ ನಿಯಮವೂ ಹೋಗುತ್ತದೆ. ಆದರೆ ಸಾವಿರಾರು ಕಾರ್ಡುಗಳು ಸಾವಿರಾರು ಮಾತುಗಳನ್ನಾಡಿದಾಗ ಘರ್ಷಣೆ ಅನಿವಾರ್ಯ. ಮಕ್ಕಳ ವಾದಗಳು ಹುಟ್ಟುವುದು ಇಲ್ಲಿಯೇ. ನೆಟ್‌ರನ್ನರಿನ 2012ರ ಆವೃತ್ತಿಯನ್ನು ಉದಾಹರಣೆಯಾಗಿಟ್ಟುಕೊಂಡು ನಾಲ್ಕು ತೊಡಕುಗಳನ್ನು ಬಿಡಿಸಬಹುದು.

ಮೊದಲನೆಯದು: ನಿಯಮಪುಸ್ತಕ ಒಂದು ಹೇಳಿ, ಕಾರ್ಡು ಇನ್ನೊಂದು ಹೇಳಿದರೆ ಕಾರ್ಡಿನ ಮಾತೇ ನಡೆಯುತ್ತದೆ. ನಮ್ಮ ವ್ಯಾಕರಣಶಾಸ್ತ್ರ ಓದಿದವರಿಗೆ ಇದು ಹಳೆಯ ಪರಿಚಯ. ಸಾಮಾನ್ಯ ವಿಧಿ ಉತ್ಸರ್ಗ, ವಿಶೇಷ ವಿಧಿ ಅಪವಾದ. ಅಪವಾದವಿರುವಲ್ಲಿ ಉತ್ಸರ್ಗ ಹಿಂದೆ ಸರಿಯುತ್ತದೆ. ಸೂತ್ರಗಳು ಪರಸ್ಪರ ಎದುರಾದಾಗ ಏನು ಮಾಡಬೇಕೆಂಬುದಕ್ಕೆ ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಬರೆದಿದ್ದಾನೆ.

ಎರಡನೆಯದು: ಒಂದು ಕಾರ್ಡು ‘ಮಾಡಬಹುದು’ ಎಂದೂ ಇನ್ನೊಂದು ‘ಮಾಡಕೂಡದು’ ಎಂದೂ ಹೇಳಿದರೆ ನಿಷೇಧವೇ ಗೆಲ್ಲುತ್ತದೆ. ವೈದ್ಯವೃತ್ತಿಯಲ್ಲಿರುವ ನಮಗೆ ಇದರ ತರ್ಕ ಒಡನೆಯೇ ಹೊಳೆಯಿತು. ಒಂದು ರೋಗಕ್ಕೆ ಔಷಧವೊಂದನ್ನು ಕೊಡಬಹುದು ಎಂದು ಗ್ರಂಥ ಹೇಳುತ್ತದೆ. ಈ ರೋಗಿಗೆ ಅದರಿಂದ ತೀವ್ರ ಅಲರ್ಜಿಯುಂಟೆಂದು ಕಡತ ಹೇಳುತ್ತದೆ. ಆಗ ನಡೆಯುವ ಮಾತು ಕಡತದ್ದು.

ಮೂರನೆಯದು: ಎರಡು ಪರಿಣಾಮಗಳು ಒಂದೇ ಕ್ಷಣದಲ್ಲಿ ಸಂಭವಿಸಿದರೆ, ಯಾರ ಸರದಿ ನಡೆಯುತ್ತಿದೆಯೋ ಅವರದು ಮೊದಲು, ಎದುರಾಳಿಯದು ಅನಂತರ. ಗಟ್ಟಿಯಾಗಿ ಕೂಗಿದವರದು ಮೊದಲಲ್ಲ. (ಮ್ಯಾಜಿಕ್ ಆಟದಲ್ಲಿ 1999ರಿಂದ ಇರುವ ವ್ಯವಸ್ಥೆ ಬೇರೆ. ಅಲ್ಲಿ ಉತ್ತರಕ್ಕೆ ಪ್ರತ್ಯುತ್ತರವಾಗಿ ಬಂದ ಕಾರ್ಡುಗಳನ್ನು, ಪೇರಿಸಿಟ್ಟ ತಟ್ಟೆಗಳಂತೆ, ಕೊನೆಗೆ ಇಟ್ಟದ್ದರಿಂದ ಆರಂಭಿಸಿ ಇತ್ಯರ್ಥ ಮಾಡುತ್ತಾರೆ. ಎರಡೂ ಆಟಗಳನ್ನು ಆಡುವ ಮಕ್ಕಳು ಇವನ್ನು ಬೆರೆಸಿಬಿಡುವುದೇ ಅನೇಕ ಜಗಳಗಳ ಮೂಲ.)

ನಾಲ್ಕನೆಯದು ಅತಿ ಸೂಕ್ಷ್ಮ. ರನ್ನರಿಗೆ ಹಾನಿಯಾದಾಗ ಅಷ್ಟು ಸಂಖ್ಯೆಯ ಕಾರ್ಡುಗಳನ್ನು ಕೈಯಿಂದ ಕಳೆದುಕೊಳ್ಳಬೇಕು. ಕೈಯಲ್ಲಿ ಮೂರು ಕಾರ್ಡುಗಳಿದ್ದು ಮೂರು ಹಾನಿಯಾದರೆ ಕೈ ಬರಿದಾಗುತ್ತದೆ. ಆದರೆ ರನ್ನರ್ ಸೋತಿಲ್ಲ. ಇರುವುದಕ್ಕಿಂತ ಒಂದು ಹೆಚ್ಚು ಹಾನಿಯಾದರೆ ಮಾತ್ರ ಸೋಲು. ಹಾಗೆಯೇ ಕಾರ್ಪೊರೇಷನ್ನಿನ ಕಟ್ಟು ಮುಗಿದ ಮಾತ್ರಕ್ಕೆ ಸೋಲಿಲ್ಲ. ಮುಗಿದ ಕಟ್ಟಿನಿಂದ ಇನ್ನೊಂದು ಕಾರ್ಡನ್ನು ತೆಗೆಯಬೇಕಾಗಿ ಬಂದಾಗ ಸೋಲು. ಶೂನ್ಯಕ್ಕೂ ಶೂನ್ಯದ ಆಚೆಗೂ ಇರುವ ಅಂತರವನ್ನು ಮಕ್ಕಳು ಇಲ್ಲಿ ಕಲಿಯುತ್ತಾರೆ.

ಮುದ್ರಣ ನಿಂತ ಮೇಲೆ

ನೆಟ್‌ರನ್ನರಿನ ಮುಂದಿನ ಕಥೆಯೇ ನಮ್ಮನ್ನು ಈ ಲೇಖನ ಬರೆಯಲು ಪ್ರೇರೇಪಿಸಿತು. ಮೊದಲ ಆವೃತ್ತಿ ಹೆಚ್ಚು ಕಾಲ ನಡೆಯಲಿಲ್ಲ. 2012ರಲ್ಲಿ ಫ್ಯಾಂಟಸಿ ಫ್ಲೈಟ್ ಎಂಬ ಸಂಸ್ಥೆ ಅದನ್ನು ಹೊಸ ರೂಪದಲ್ಲಿ ತಂದು, 2018ರಲ್ಲಿ ನಿಲ್ಲಿಸಿತು. ಆಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಟಗಾರರೇ ಸೇರಿ ನಿಸೇ ಎಂಬ ಸ್ವಯಂಸೇವಕರ ಬಳಗವನ್ನು ಕಟ್ಟಿಕೊಂಡರು; 2022ರಿಂದ ಅದರ ಹೆಸರು ನಲ್ ಸಿಗ್ನಲ್ ಗೇಮ್ಸ್. ಅವರು ಹೊಸ ಕಾರ್ಡುಗಳನ್ನು ರಚಿಸಿದ್ದು ನಿಜ. ಅದಕ್ಕಿಂತ ಮುಖ್ಯವೆಂದು ನಮಗೆ ತೋರುವುದು, ಸಮಗ್ರ ನಿಯಮಾವಳಿಯನ್ನು ಕಾಪಾಡಿಕೊಂಡು ಪರಿಷ್ಕರಿಸುತ್ತ, ಸಂದೇಹಗಳನ್ನು ಇತ್ಯರ್ಥಗೊಳಿಸುತ್ತ ಬಂದದ್ದು. ಹಿಂದೆ ಅರಸನಿಲ್ಲ, ಉದ್ಯಮವೂ ಇಲ್ಲ. ದಿನದ ಕೆಲಸ ಮುಗಿಸಿ ಸಂಜೆ ಕುಳಿತು ಬರೆಯುವ ಜನ ಇದ್ದರು. ಸಂಘದ ಕೆಲಸ ಮಾಡುವ ನಮಗೆ ಈ ಚಿತ್ರ ಅಪರಿಚಿತವಲ್ಲ.

ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಛದಕ್ಕೆ ಅರಸನೂ ಗ್ರಂಥವೂ ಕಲಾವಿದರೂ ಇದ್ದರು. ವಿವರಿಸುವ ಬಳಗ ಬೆಳೆಯಲಿಲ್ಲ. ಇಪ್ಪತ್ತೆಂಟಕ್ಕೆ ಗ್ರಂಥವಿರಲಿಲ್ಲ, ಬಳಗವಿತ್ತು. ನೆಟ್‌ರನ್ನರಿಗೆ ಆಶ್ರಯ ತಪ್ಪಿದಾಗ ಬಳಗವೇ ಗ್ರಂಥವನ್ನು ಕೈಗೆತ್ತಿಕೊಂಡಿತು.

ನಿಯಮದ ಭಾಷೆ

ಇದರಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ್ದೇನು? ಹೊರನಾಡಿನ ಮಕ್ಕಳ ಕನ್ನಡವನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ. ತಿಂಡಿಗಳ ಹೆಸರು, ನೆಂಟರ ಹೆಸರು, ಹಬ್ಬದ ಹೆಸರು, ನಮಸ್ಕಾರ ಕುಶಲಪ್ರಶ್ನೆಗಳು ಉಳಿದಿರುತ್ತವೆ. ಮೊದಲು ಜಾರಿಹೋಗುವುದು ತರ್ಕದ ಕನ್ನಡ: ‘ಬಂದರೆ’, ‘ಬಂದರೂ’, ‘ಬರುವವರೆಗೆ’, ‘ಬರುವ ಮುನ್ನ’, ‘ಅದರ ಬದಲಾಗಿ’, ‘ಅದರ ಹೊರತು’, ‘ಮಾತ್ರ’, ‘ಕೂಡದು’. ಮಕ್ಕಳು ವಾದಿಸಬೇಕಾದಾಗ ಇಂಗ್ಲಿಷಿಗೆ ಹೊರಳುವುದು ಇದೇ ಕಾರಣದಿಂದ. ವಿಶ್ಲೇಷಿಸುವ ಸಾಮರ್ಥ್ಯ ಅವರಲ್ಲಿ ಧಾರಾಳವಾಗಿದೆ. ಆ ಸಾಮರ್ಥ್ಯಕ್ಕೆ ಕನ್ನಡದಲ್ಲಿ ಕೆಲಸವನ್ನು ನಾವು ಕೊಟ್ಟಿಲ್ಲ. ವಯಸ್ಸಾದ ತಂದೆತಾಯಿಯರು ಊರಿನಿಂದ ಬಂದಾಗ, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ನಂತರ, ತಲೆಸುತ್ತು ಬಂದರೆ ಯಾವುದನ್ನು ನಿಲ್ಲಿಸಬೇಕು ಎಂದು ಮೊಮ್ಮಕ್ಕಳು ಹೇಳಲಾಗದಿದ್ದರೆ, ಕೊರತೆಯಾದದ್ದು ಪ್ರೀತಿಯಲ್ಲಲ್ಲ, ಈ ನಾಲ್ಕು ಪ್ರತ್ಯಯಗಳಲ್ಲಿ.

ಎಲೆಯಾಟದ ನಿಯಮವನ್ನು ಕನ್ನಡದಲ್ಲಿ ವಿವರಿಸುವುದು ಈ ತರ್ಕದ ಕನ್ನಡಕ್ಕೆ ಒಳ್ಳೆಯ ಅಭ್ಯಾಸ. ‘ಕೈಯಲ್ಲಿ ಇರುವುದಕ್ಕಿಂತ ಹೆಚ್ಚು ಹಾನಿಯಾದರೆ ಮಾತ್ರ ಸೋಲು, ಅಷ್ಟೇ ಆದರೆ ಸೋಲಲ್ಲ’ ಎಂಬ ಒಂದು ವಾಕ್ಯದಲ್ಲಿ ವ್ಯಾಕರಣದ ಒಂದು ಪಾಠವೇ ಅಡಗಿದೆ. ಮಗು ಅದನ್ನು ಆಸಕ್ತಿಯಿಂದ ಹೇಳುತ್ತದೆ. ಏಕೆಂದರೆ ಅದು ಅದಕ್ಕೆ ಮುಖ್ಯವಾದ ವಿಷಯ.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮದು ಎರಡು ಕೋರಿಕೆಗಳು. ಮಕ್ಕಳು ತಮ್ಮ ಕಾರ್ಡಿನ ಆಟದ ಒಂದು ತೊಡಕಿನ ನಿಯಮವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಲಿ; ಕಾರ್ಡುಗಳ ಹೆಸರು ಇಂಗ್ಲಿಷಿನಲ್ಲಿಯೇ ಇರಲಿ, ವಾಕ್ಯದ ಕಟ್ಟು ಕನ್ನಡದ್ದಾಗಿರಲಿ. ಹಿರಿಯರು ತಮ್ಮ ಊರಿನ ಇಪ್ಪತ್ತೆಂಟು, ಪಗಡೆ, ಚೌಕಾಬಾರ ಅಥವಾ ಅಳಗುಳಿಮಣೆಯ ನಿಯಮಗಳನ್ನು, ‘ನಮ್ಮಲ್ಲಿ ಹೀಗೆ’ ಎಂಬ ವಿಶೇಷಗಳ ಸಹಿತ, ಒಂದು ಪುಟದಲ್ಲಿ ಬರೆದು ನಮಗೆ ಕಳುಹಿಸಲಿ. ಬೇರೆ ಬೇರೆ ಊರುಗಳ ಉತ್ತರಗಳು ಹೊಂದದಿದ್ದರೆ ಚಿಂತೆಯಿಲ್ಲ. ಹೊಂದದಿರುವುದನ್ನು ಹಾಗೆಯೇ ದಾಖಲಿಸೋಣ. ಮುಂದಿನ ಕೂಟದಲ್ಲಿ ಒಂದು ಮೂಲೆಯ ಮೇಜನ್ನು ಇದಕ್ಕೆಂದು ಮೀಸಲಿಟ್ಟರೆ, ತುರುಪನ್ನು ತೆರೆಯಿಸಿದವರು ಅದೇ ಸುತ್ತಿನಲ್ಲಿ ತುರುಪು ಹಾಕಲೇಬೇಕೇ ಎಂಬ ಪ್ರಶ್ನೆಯನ್ನು ಕುಂದಾಪುರದವರೂ ಕಾಸರಗೋಡಿನವರೂ ಎದುರುಬದುರು ಕುಳಿತು ಚರ್ಚಿಸಬಹುದು. ಮಕ್ಕಳು ಪಕ್ಕದಲ್ಲಿ ಕುಳಿತು ಕೇಳಲಿ.